ಸಹಾಯಧನಕ್ಕೂ ಲೆಕ್ಕವಿರಲಿ



ಮಕ್ಕಳ ವಿದ್ಯಾರ್ಥಿವೇತನಕ್ಕೆ ಆದಾಯ ಪ್ರಮಾಣಪತ್ರ ಬೇಕಾದಾಗಲೆಲ್ಲ ನಮ್ಮ ಗಡಿನಾಡಿನ ಮನೆಗಳಲ್ಲಿ ಒಂದು ಅಂಜಿಕೆ ಹುಟ್ಟುತ್ತದೆ. ಅಜ್ಜನಿಗೆ ಬರುವ ನೇಕಾರ ಪಿಂಚಣಿಯನ್ನು, ಅಂಗವಿಕಲ ಮಗನಿಗೆ ಬರುವ ಪಿಂಚಣಿಯನ್ನು ತೋರಿಸಿದರೆ ತೆರಿಗೆ ಬೀಳುವುದೇ? ಈ ಅಂಜಿಕೆಗೆ ಆಧಾರವಿಲ್ಲವೆಂಬುದನ್ನು ನೀವೇ ಲೆಕ್ಕ ಹಾಕಿ ನೋಡಬಹುದು.

ತೆಲಂಗಾಣ ಸರ್ಕಾರವು 2014ರ ನವೆಂಬರಿನಲ್ಲಿ ಆರಂಭಿಸಿದ ಆಸರಾ ಯೋಜನೆಯಲ್ಲಿ 50 ವರ್ಷ ದಾಟಿದ ಕೈಮಗ್ಗ ನೇಕಾರರೂ ಸೇರಿದ್ದಾರೆ. 2019ರಲ್ಲಿ ಅವರ ಪಿಂಚಣಿ ತಿಂಗಳಿಗೆ 2,016 ರೂಪಾಯಿ ಆಯಿತು; ಅಂಗವಿಕಲರದು 2023ರಲ್ಲಿ 4,016 ರೂಪಾಯಿ ಆಯಿತು. ಈ ದರದಲ್ಲಿ ವರ್ಷಕ್ಕೆ ಸಿಗುವುದು 24,192 ಮತ್ತು 48,192 ರೂಪಾಯಿ. 2025-26ರಿಂದ ಹೊಸ ತೆರಿಗೆ ಪದ್ಧತಿಯಲ್ಲಿ 4 ಲಕ್ಷ ರೂಪಾಯಿವರೆಗಿನ ಆದಾಯಕ್ಕೆ ತೆರಿಗೆಯೇ ಇಲ್ಲ. ಹೀಗಿರುವಾಗ ಮುಚ್ಚಿಡುವುದೇಕೆ? ಅರ್ಜಿಯಲ್ಲಿ ಕೇಳಿದ್ದರೆ ಇದ್ದುದನ್ನು ಇದ್ದಂತೆ ಬರೆಯಿರಿ.

ಆದರೆ ಸಾಲ ಕೊಡಿಸುವೆನೆಂದು ಮಧ್ಯವರ್ತಿಯೊಬ್ಬ ಇಲ್ಲದ ಆದಾಯ ತೋರಿಸಿ ನಿಮ್ಮ ಹೆಸರಿನಲ್ಲಿ ವಿವರಪತ್ರ ಸಲ್ಲಿಸಲು ಬಂದರೆ ಒಪ್ಪಬೇಡಿ. ವಿವರಪತ್ರ ಸಲ್ಲಿಸುವುದು ಬೇರೆ, ತೆರಿಗೆ ಕಟ್ಟುವುದು ಬೇರೆ, ನಿಜ. ಆದರೂ ಹಿಂದಿನ ವರ್ಷ ತೆರಿಗೆ ಕಟ್ಟಿದವರಿಗೆ ಪಿಎಂ ಕಿಸಾನ್ ಹಣ ಇಲ್ಲ. 2022ರ ಅಕ್ಟೋಬರಿನಿಂದ ತೆರಿಗೆದಾರರು ಅಟಲ್ ಪಿಂಚಣಿಗೆ ಸೇರುವಂತಿಲ್ಲ. ಸುಳ್ಳು ಆದಾಯ ನಿಜವಾದ ಸವಲತ್ತನ್ನು ನುಂಗೀತು.

ಹೈದರಾಬಾದು, ಬೆಂಗಳೂರುಗಳಲ್ಲಿ ದುಡಿಯುವ ನಿಮ್ಮ ಮಕ್ಕಳ ಮಾತು ಬೇರೆ. 2017ರ ತಿದ್ದುಪಡಿಯಲ್ಲಿ 26 ವಾರಗಳಿಗೆ ಏರಿದ ಹೆರಿಗೆ ರಜೆಯ ವೇತನವೂ ಸಂಬಳವೇ. ಅದನ್ನು ಆದಾಯದಲ್ಲಿ ತೋರಿಸಬೇಕು. ಕಾರ್ಖಾನೆ ಕೆಲಸದಿಂದ ತೆಗೆದಾಗ ಕಾನೂನಿನಂತೆ ಬರುವ ಪರಿಹಾರಕ್ಕೆ ಮಾತ್ರ 5 ಲಕ್ಷದವರೆಗೆ ವಿನಾಯಿತಿಯುಂಟು. ರಾಜೋಳಿಯಲ್ಲಿ ಮನೆಯ ಕುಣಿಮಗ್ಗದಲ್ಲೇ ನೇಯುವ ತಾಯಿಗೆ ಈ ರಜೆಯ ವೇತನ ಕೊಡುವ ಮಾಲೀಕನೇ ಇಲ್ಲ. ಗದ್ವಾಲ ಸೀರೆಗೆ ಹೆಸರು ತಂದ ಕೈಗಳಿಗೆ ಹೆರಿಗೆಯ ದಿನಗಳ ಕೂಲಿ ಯಾರು ಕೊಡಬೇಕು ಎಂಬ ಪ್ರಶ್ನೆಯನ್ನು ನಾವು ಕೇಳುತ್ತಲೇ ಇರಬೇಕು.

ಅಂಗವಿಕಲ ಮಗುವನ್ನು ಸಾಕುತ್ತಿರುವ, ತೆರಿಗೆ ಕಟ್ಟುವ ಪೋಷಕರಿಗೆ ಹಳೆಯ ಪದ್ಧತಿಯಲ್ಲಿ 75,000 ರೂಪಾಯಿ, ತೀವ್ರ ವೈಕಲ್ಯವಿದ್ದರೆ 1,25,000 ರೂಪಾಯಿ ಆದಾಯದಿಂದ ಕಳೆಯಲು ಅವಕಾಶವಿದೆ. 2025ರ ಕಾಯ್ದೆಯೂ ಇದನ್ನು ಉಳಿಸಿಕೊಂಡಿದೆ. ಹೊಸ ಪದ್ಧತಿ ಆರಿಸಿಕೊಂಡವರಿಗೆ ಇದು ಇಲ್ಲ. ವೈದ್ಯಕೀಯ ಪ್ರಮಾಣಪತ್ರ ಕಡ್ಡಾಯ. ಸುಳ್ಳು ಹೇಳಿ ಕಳೆದರೆ ತಪ್ಪಿಸಿದ ತೆರಿಗೆಯ ಎರಡು ಪಟ್ಟು ದಂಡ ಬೀಳಬಹುದು.

ಕೊನೆಯದಾಗಿ ಭಾಷೆಯ ಮಾತು. ಅರ್ಥವಾಗದ ಭಾಷೆಯ ನಮೂನೆಗೆ ಕಣ್ಣುಮುಚ್ಚಿ ಹೆಬ್ಬೆಟ್ಟು ಒತ್ತಬೇಡಿ. ಕನ್ನಡ ಶಾಲೆಯ ಮಗುವಿನಿಂದಾದರೂ ಅರ್ಥ ಕೇಳಿ. ಪಿಂಚಣಿ ತಪ್ಪಿದರೆ ದೂರನ್ನು ಕನ್ನಡದಲ್ಲೇ ಬರೆಯಿರಿ. ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವ ಭಾಷೆಯಲ್ಲಾದರೂ ಅಧಿಕಾರಿಗೆ ಅಹವಾಲು ಸಲ್ಲಿಸುವ ಹಕ್ಕನ್ನು ಸಂವಿಧಾನದ 350ನೇ ವಿಧಿ ಕೊಟ್ಟಿದೆ. ಸ್ವೀಕೃತಿ ಪಡೆದು ಜೋಪಾನವಾಗಿಡಿ. 2009ರ ಅಕ್ಟೋಬರಿನ ತುಂಗಭದ್ರೆಯ ಪ್ರವಾಹದಲ್ಲಿ ಮನೆ, ಮಗ್ಗ ಕಳೆದುಕೊಂಡ ರಾಜೋಳಿಗೆ ಒಂದು ಕಾಗದದ ಬೆಲೆ ಏನೆಂದು ನಾವು ಹೇಳಬೇಕಾಗಿಲ್ಲ.