ಗುಜರಿಗೆ ಹಾಕುವ ಮೊದಲು ಪಾಯಿಂಟ್ ನೋಡಿ ಮಾರಾಯ್ರೆ

1/6
"ಯೆಜ್ಡಿ ನೋಡ್ಲಿಕ್ಕೆ ಚಂದ, ಸ್ಟಾರ್ಟ್ ಆಗುದಿಲ್ಲ." ಪುತ್ತೂರಿಂದ ಸುಳ್ಯದವರೆಗೆ ಯಾರನ್ನು ಕೇಳಿದ್ರೂ ಇದೇ ಮಾತು. ಕಡಬದ ಕಡೆ ಅಡಿಕೆ ಅಂಗಳದ ಬದಿಯಲ್ಲಿ, ಸೌದೆ ಕೊಟ್ಟಿಗೆಯಲ್ಲಿ ಗೋಣಿ ಹೊದ್ದು ನಿಂತ ಗಾಡಿಗಳು ಇನ್ನೂ ಉಂಟು. ಅಜ್ಜ ಓಡಿಸಿದ್ದು, ಅಪ್ಪ ಕಲಿತದ್ದು, ಈಗ ನೀವು ಮೇಲೆ ಕೂತು ಫೋಟೋ ತೆಗೆಸಿಕೊಳ್ಳುವುದು. ಒಂದು ದಿನ ಗುಜರಿಯವರು ಬಂದು ತೂಕಕ್ಕೆ ಕೇಳ್ತಾರೆ, ಮನೆಯವರು ಕೊಡ್ತಾರೆ. ನನ್ನ ಸಿಟ್ಟು ಗುಜರಿಯವರ ಮೇಲೆ ಅಲ್ಲ. ಇಂಜಿನಿನ ಬಲಗಡೆ ಕವರ್ ಒಮ್ಮೆಯೂ ಬಿಚ್ಚಿ ನೋಡದೆ "ಇಂಜಿನ್ ಹೋಯ್ತು" ಅಂತ ತೀರ್ಪು ಕೊಡುವ ನಿಮ್ಮ ಮೇಲೆ.

2/6
ಇದು ನಮ್ಮ ರಾಜ್ಯದಲ್ಲೇ ಹುಟ್ಟಿದ ಗಾಡಿ. ಮೈಸೂರಿನ ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ 1961ರಿಂದ ಜೆಕೊಸ್ಲೊವಾಕಿಯಾದ ಲೈಸೆನ್ಸಲ್ಲಿ ತಯಾರಾದದ್ದು. ಮೊದಲು ಜಾವಾ, ಆಮೇಲೆ ಯೆಜ್ಡಿ. 1996ರಲ್ಲಿ ಕಾರ್ಖಾನೆ ಬಾಗಿಲು ಹಾಕಿತು. ಈಗ ಶೋರೂಮಲ್ಲಿರುವ ಜಾವಾ 2018ರಲ್ಲಿ ಬಂದದ್ದು, ಫೋರ್ ಸ್ಟ್ರೋಕ್, ಅದರ ಕತೆ ಬೇರೆ. ಕಿಕ್ಕರೂ ಗೇರೂ ಒಂದೇ ಲಿವರಲ್ಲಿರುವ ಆ 250 ಸಿಸಿ ಟೂ ಸ್ಟ್ರೋಕನ್ನು ಇನ್ನು ಯಾರೂ ಮಾಡಿ ಕೊಡುವುದಿಲ್ಲ. ಬಿಕಾಂನವರಿಗೆ ಹೇಳ್ಬೇಕಾದ್ರೆ, ಡಿಪ್ರಿಸಿಯೇಷನ್ ಎಲ್ಲ ಕಳೆದು ಪುಸ್ತಕದಲ್ಲಿ ಸೊನ್ನೆ ಆಗಿರುವ ಆಸ್ತಿ. ಸೊನ್ನೆ ಆದದ್ದು ಪುಸ್ತಕದಲ್ಲಿ ಮಾತ್ರ, ಅದು ನೆನಪಿರಲಿ.

3/6
ಆ ಬಲಗಡೆ ಕವರಿನೊಳಗೆ ಎಂತ ಉಂಟು? ಡೈನಮೋ, ಅದರ ತುದಿಯಲ್ಲಿ ಒಂದು ಸಣ್ಣ ಕ್ಯಾಮ್, ಕ್ಯಾಮಿನ ಪಕ್ಕ ಸಿಬಿ ಪಾಯಿಂಟ್. ಬ್ಯಾಟರಿಯ 6 ವೋಲ್ಟ್ ಕರೆಂಟು ಕಾಯಿಲಿಗೆ ಹೋಗಿ, ಮುಚ್ಚಿದ ಪಾಯಿಂಟಿನ ಮೂಲಕ ಅರ್ತಿಗೆ ಹರೀತದೆ. ಕ್ಯಾಮ್ ತಿರುಗಿ ಪಾಯಿಂಟ್ ತೆರೆದ ಕ್ಷಣ ಕರೆಂಟು ಕಡಿದು, ಕಾಯಿಲಲ್ಲಿ ಸಾವಿರಾರು ವೋಲ್ಟ್ ಏಳ್ತದೆ, ಪ್ಲಗ್ಗಲ್ಲಿ ಕಿಡಿ. ಪಾಯಿಂಟಿನ ಬಾಯಲ್ಲೇ ಕಿಡಿ ಹಾರಿ ಅದು ಸುಡದ ಹಾಗೆ ನೋಡಿಕೊಳ್ಳುವುದು ಕಂಡೆನ್ಸರ್. ಇಷ್ಟೇ. ರಾಕೆಟ್ ಅಲ್ಲ.

ಪಾಯಿಂಟ್ ಪೂರ್ತಿ ತೆರೆದಾಗ ಸಂದು 0.4 ಮಿ.ಮೀ. ಹತ್ತಿರ ಇರ್ಬೇಕು. ಓಡಿ ಓಡಿ ಕ್ಯಾಮಿಗೆ ತಾಗುವ ಫೈಬರ್ ಸವೀತದೆ, ಸಂದು ಸಣ್ಣದಾಗ್ತದೆ, ಕಿಡಿ ತಡವಾಗಿ ಬೀಳ್ತದೆ. ಅಂದ್ರೆ ಗ್ಯಾಪ್ ತಪ್ಪಿದ್ರೆ ಟೈಮಿಂಗೂ ತಪ್ಪಿತು. ಗಾಡಿ ಎಳೆಯುದಿಲ್ಲ, ಬಿಸಿ ಆಗ್ತದೆ, ನೀವು ಬೈಯುವುದು ಕಾರ್ಬ್ಯುರೇಟರಿಗೆ! (ನಾನು ಹೇಳ್ತಾ ಇರುವುದು ಹಳೆಯ 250ರ ಲೆಕ್ಕ. ರೋಡ್‌ಕಿಂಗ್ ಇರುವವರು ಅದರ ಲೆಕ್ಕ ಬೇರೆ ನೋಡಿ.)

4/6
ನಮ್ಮ ಕ್ಲಾಸಿನ ಒಬ್ಬನ ಮನೆಯ ಗಾಡಿ ತಣ್ಣಗಿರುವಾಗ ಎರಡೇ ಕಿಕ್ಕಿಗೆ ಸ್ಟಾರ್ಟ್. ಹತ್ತು ನಿಮಿಷ ಓಡಿದ ಮೇಲೆ ಸತ್ತು ಹೋಗ್ತಿತ್ತು. ಅರ್ಧ ಗಂಟೆ ಬಿಟ್ರೆ ಪುನಃ ಸ್ಟಾರ್ಟ್. ಒಂದು ಗ್ಯಾರೇಜಲ್ಲಿ "ಬೋರ್ ಹೋಗಿದೆ, ಇಂಜಿನ್ ಇಳಿಸ್ಬೇಕು" ಅಂದರು. ಅವನ ಅಪ್ಪ ಹಣ ಕೇಳಿಯೇ ಗಾಡಿ ಮಾರಿಬಿಟ್ರು. ತೆಗೆದುಕೊಂಡವರು ಹಾಕಿದ್ದು ಒಂದು ಕಂಡೆನ್ಸರ್. ಬೆರಳಿನಷ್ಟು ಸಾಮಾನು. ಈಗ ಆ ಗಾಡಿ ಬೆಂಗಳೂರಲ್ಲಿ ಓಡ್ತಾ ಉಂಟು, ಇವನ ಮೊಬೈಲಲ್ಲಿ ಬರೇ ಫೋಟೋ ಉಂಟು. ಬಿಸಿ ಆದಾಗ ಸತ್ತು, ತಣ್ಣಗಾದಾಗ ಬದುಕುವ ಗಾಡಿಯಲ್ಲಿ ಮೊದಲು ನೋಡ್ಬೇಕಾದದ್ದು ಕಂಡೆನ್ಸರ್, ಆಮೇಲೆ ಕಾಯಿಲ್. ಬೋರ್ ಕೊನೆಗೆ.

5/6
ಈಗ ಬರುವ ವಾದ ನನಗೆ ಗೊತ್ತುಂಟು: "ಪಾಯಿಂಟ್ ಬಿಸಾಡಿ ಸಿಡಿಐ ಹಾಕಿಸು, ತಲೆಬಿಸಿಯೇ ಇಲ್ಲ." ಸಿಡಿಐಯಲ್ಲಿ ಸವೆಯುವ ಪಾಯಿಂಟೇ ಇಲ್ಲ, ಕಿಡಿ ಜೋರು, ಒಪ್ಪಿದೆ. ದಿನಾ ನೂರು ಕಿಲೋಮೀಟರ್ ಹೋಗುವವರು ಹಾಕಿಸಿ, ಜಗಳ ಇಲ್ಲ. ಆದ್ರೆ ಗುಂಡ್ಯ ದಾಟಿ ಘಾಟಿಯಲ್ಲಿ ಮಳೆಗೆ ಪಾಯಿಂಟ್ ಕೈಕೊಟ್ರೆ ಒಂದು ಸ್ಕ್ರೂಡ್ರೈವರ್, ಒಂದು ಚೂರು ದಪ್ಪ ಕಾಗದ ಇದ್ರೆ ಮನೆಗೆ ಬರ್ಬಹುದು. ಸಿಡಿಐ ಬಾಕ್ಸ್ ಹೋದ್ರೆ ಪಿಕಪ್ಪಿಗೆ ಫೋನ್ ಮಾಡ್ಬೇಕು, ಅದೂ ನೆಟ್‌ವರ್ಕ್ ಸಿಕ್ಕಿದ್ರೆ. ನನಗೆ ಹೊಟ್ಟೆ ಉರಿಯುವುದು ಇನ್ನೊಂದಕ್ಕೆ. ಕಿಟ್ ಕೂರಿಸ್ಲಿಕ್ಕೆ ಹಳೆಯ ವೈರಿಂಗ್ ಕತ್ತರಿಸಿ, ಡೈನಮೋವನ್ನು ತಾಮ್ರದ ರೇಟಿಗೆ ಕೊಡ್ತಾರೆ. ಹತ್ತು ನಿಮಿಷದ ಕ್ಲೀನಿಂಗ್ ಕಲಿಯಲಿಕ್ಕೆ ಉದಾಸೀನ ಆದದ್ದಕ್ಕೆ ಇಷ್ಟೆಲ್ಲ.

6/6
ನೀವೇ ಮಾಡುವ ಉಪದ್ರವೂ ಕಮ್ಮಿ ಇಲ್ಲ. ರೀಲ್ಸಿಗೆ ಲೈಟ್ ಕಾಣ್ಲಿ ಅಂತ ಕೀ ಆನ್ ಇಟ್ಟು ಅರ್ಧ ಗಂಟೆ ಪೋಸ್. ಆಗ ಪಾಯಿಂಟ್ ಮುಚ್ಚಿದ ಜಾಗದಲ್ಲಿ ನಿಂತಿದ್ರೆ ಕಾಯಿಲ್ ಸುಮ್ಮನೆ ಕಾಯ್ತದೆ, ಬ್ಯಾಟರಿ ಇಳೀತದೆ. ಆಮೇಲೆ "ಸ್ಟಾರ್ಟ್ ಆಗುದಿಲ್ಲ"! ವಾಟರ್ ಸರ್ವಿಸಿಗೆ ಕೊಟ್ಟು ಬಲಗಡೆ ಕವರಿಗೇ ನೀರು ಹೊಡೆಸ್ತೀರಿ. ಆಟಿಯ ಮಳೆಯಲ್ಲಿ ನಿಂತ ಗಾಡಿಯ ಪಾಯಿಂಟಲ್ಲಿ ತೇವ ಕೂತು ಪದರ ಕಟ್ಟಿರ್ತದೆ, ಅದನ್ನು ಎಮರಿ ಪೇಪರಲ್ಲಿ ಉಜ್ಜಿ ಪುಡಿ ಅಲ್ಲೇ ಬಿಡ್ತೀರಿ. ಸಣ್ಣ ಅರದಲ್ಲಿ ಮೆಲ್ಲ ಒಮ್ಮೆ ಎಳೆದು, ಶುದ್ಧ ಕಾಗದ ಸಿಕ್ಕಿಸಿ ಒರೆಸಿದ್ರೆ ಸಾಕು. ಕ್ಯಾಮಿನ ಫೆಲ್ಟಿಗೆ ಒಂದೇ ತೊಟ್ಟು ಎಣ್ಣೆ. ಜಾಸ್ತಿ ಹಾಕಿದ್ರೆ ಅದು ಹಾರಿ ಪಾಯಿಂಟಿಗೇ ಬೀಳ್ತದೆ.

ಫೀಲರ್ ಗೇಜ್ ನನ್ನ ಹತ್ರ ಉಂಟು. ಮನೆಯಲ್ಲಿ ಗಾಡಿ ನಿಂತಿದ್ದರೆ ಮೆಸೇಜ್ ಮಾಡಿ, ಆದಿತ್ಯವಾರ ಬರ್ತೇನೆ, ಚಾ ಕೊಟ್ರೆ ಸಾಕು. ಸಿಡಿಐ ಹಾಕಿಸಿದವರು ಕಾಮೆಂಟಲ್ಲಿ ಬೈಯಿರಿ, ತೊಂದರೆ ಇಲ್ಲ. ತೆಗೆದ ಡೈನಮೋ ಈಗ ಎಲ್ಲಿ ಉಂಟು ಅಂತ ಕೂಡ ಬರೆಯಿರಿ.