ಮಾತಿಗೂ ಕಿರ್ದಿ ಬೇಕು

ಗದಗ ತಾಲೂಕಿನ ಕಣಗಿನಹಾಳದ ಹೆಸರನ್ನು ವಿದ್ಯಾರ್ಥಿಗಳು ಸಹಕಾರ ಚಳವಳಿಯ ಪಾಠದಲ್ಲಿ ಓದಿರುತ್ತೀರಿ. 1905ರಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರ ಮುಂದಾಳತ್ವದಲ್ಲಿ ಇಲ್ಲಿ ಕೃಷಿ ಪತ್ತಿನ ಸಹಕಾರಿ ಸಂಘ ಹುಟ್ಟಿತು. ದೇಶದಲ್ಲಿಯೇ ಮೊದಲನೆಯದೆಂದು ಅದು ಹೆಸರಾಗಿದೆ. ಆಗಿನ 1904ರ ಕಾಯ್ದೆಯಂತೆ ಹಳ್ಳಿಯ ಸಂಘಗಳ ಸದಸ್ಯರ ಹೊಣೆಗೆ ಸಾಮಾನ್ಯವಾಗಿ ಮಿತಿ ಇರಲಿಲ್ಲ. ಒಬ್ಬ ಸಾಲ ಮುಳುಗಿಸಿದರೆ ಉಳಿದವರ ಹೊಲಮನೆಗೂ ಬಿಸಿ ತಟ್ಟುವ ವ್ಯವಸ್ಥೆ ಅದು. ಹೀಗಿರುವಾಗ ಯಾರಿಗೆ, ಯಾತಕ್ಕೆ, ಎಷ್ಟು ಸಾಲ ಎಂಬುದು ಬಾಯಿಮಾತಿನಲ್ಲಿ ಮುಗಿದರೆ ನಡೆದೀತೆ? ಠರಾವು ಪುಸ್ತಕ, ಖಾತೆ, ಕಿರ್ದಿ ಬೇಕೇ ಬೇಕು.

ಪುಸ್ತಕಗಳು ಅದಕ್ಕೂ ಮೊದಲು ಸಾಹುಕಾರರ ಬಳಿಯೂ ಇದ್ದವು. ಆದರೆ ಬರೆಯುವವನೂ ಅವನೇ, ಓದುವವನೂ ಅವನೇ. 1875ರಲ್ಲಿ ಪುಣೆ, ಅಹ್ಮದನಗರ ಜಿಲ್ಲೆಗಳ ರೈತರು ದಂಗೆಯೆದ್ದು ಸಾಲಪತ್ರಗಳನ್ನು ಕಿತ್ತು ಸುಟ್ಟರು. 1879ರ ದಖ್ಖನ್ ರೈತ ಪರಿಹಾರ ಕಾಯ್ದೆಯು ಕಟ್ಟಿದ ಹಣಕ್ಕೆ ರಸೀದಿ ಮತ್ತು ವರ್ಷದ ಲೆಕ್ಕಪಟ್ಟಿ ಪಡೆಯುವ ಹಕ್ಕನ್ನು ಸಾಲಗಾರನಿಗೆ ಕೊಟ್ಟಿತು. ದಾಖಲೆ ಇದ್ದರಷ್ಟೇ ಸಾಲದು, ಇಬ್ಬರ ಕೈಯಲ್ಲೂ ಇರಬೇಕು ಎಂಬುದು ಇದರ ಪಾಠ.

ಇಂದು ಸಾಲದಷ್ಟೇ ಉಳಿತಾಯದ ಮಾತೂ ಮನೆಮನೆಗೆ ಬಂದಿದೆ. ಮಗಳ ಕಾಲೇಜಿಗೆಂದು 2 ಲಕ್ಷ ರೂಪಾಯಿ ಕೂಡಿಟ್ಟ ತಂದೆ ಹಣಕಾಸು ಸಲಹೆಗಾರರ ಬಳಿ ಹೋದರೆನ್ನಿ. ಅರ್ಧ ಗಂಟೆ ಮಾತಾಯಿತು. ಹಣ ಷೇರು ನಿಧಿಗೆ ಹೋಯಿತು. ಮೂರು ವರ್ಷದ ಮೇಲೆ ಪೇಟೆ ಕುಸಿದು 1 ಲಕ್ಷ 60 ಸಾವಿರ ಉಳಿದಿದೆ. “ಲುಕ್ಸಾನ ಆಗೂದಿಲ್ಲ ಅಂದಿದ್ರಿ” ಎಂದು ತಂದೆ. “ಏಳೆಂಟು ವರ್ಷ ಮುಟ್ಟಬ್ಯಾಡ್ರಿ ಅಂದಿದ್ದೆ” ಎಂದು ಸಲಹೆಗಾರ. ಮಗಳ ಪ್ರವೇಶ ಶುಲ್ಕಕ್ಕೆ ಮಾತ್ರ 40 ಸಾವಿರ ಕಡಿಮೆ.

ಇಬ್ಬರೂ ಸುಳ್ಳುಗಾರರೆನ್ನಬೇಕಿಲ್ಲ, ನೆನಪೇ ಹಾಗೆ. ಜರ್ಮನಿಯ ಹೆರ್ಮನ್ ಎಬ್ಬಿಂಗ್‌ಹಾಸ್ ಅರ್ಥವಿಲ್ಲದ ಅಕ್ಷರಗುಚ್ಛಗಳನ್ನು ತಾನೇ ಬಾಯಿಪಾಠ ಮಾಡಿ ಪ್ರಯೋಗ ನಡೆಸಿದ. ಕಲಿತದ್ದರಲ್ಲಿ ಅರ್ಧಕ್ಕಿಂತ ಹೆಚ್ಚು ಒಂದೇ ಗಂಟೆಯಲ್ಲಿ ಜಾರಿಹೋಗುತ್ತದೆ ಎಂದು 1885ರಲ್ಲಿ ಪ್ರಕಟಿಸಿದ. ಅರ್ಥವಿರುವ ಮಾತು ಇನ್ನಷ್ಟು ಕಾಲ ಉಳಿಯುತ್ತದೆ, ನಿಜ. ಆದರೆ ಉಳಿಯುವಾಗ ನಮಗೆ ಅನುಕೂಲವಾದ ರೂಪ ತಾಳಿಬಿಡುತ್ತದೆ.

ಆದ್ದರಿಂದಲೇ ಷೇರುಪೇಟೆಯ ನಿಯಂತ್ರಕ ಸಂಸ್ಥೆ ಸೆಬಿ, ಹೂಡಿಕೆ ಸಲಹೆಗಾರರಿಗೆ 2013ರಲ್ಲಿ ನಿಯಮ ಮಾಡಿ, 2020ರಲ್ಲಿ ಬಿಗಿಗೊಳಿಸಿತು. ನೋಂದಾಯಿತ ಸಲಹೆಗಾರರು ಸಲಹೆಯ ಕುರಿತು ಗ್ರಾಹಕರೊಡನೆ ಆಡಿದ ಮಾತಿನ ದಾಖಲೆಯನ್ನು ಕನಿಷ್ಠ 5 ವರ್ಷ ಇಡಬೇಕು. ಅದು ಗ್ರಾಹಕರ ಸಹಿ ಇರುವ ಬರಹವಾಗಬಹುದು, ಫೋನಿನ ಧ್ವನಿಮುದ್ರಣ, ಇ-ಮೇಲ್ ಅಥವಾ ಎಸ್ಸೆಮ್ಮೆಸ್ ಆಗಬಹುದು. ಆ ಸಲಹೆ ಏಕೆ ಕೊಟ್ಟರೆಂಬ ಕಾರಣವೂ ದಾಖಲಾಗಬೇಕು.

ಒಳ್ಳೆಯ ದಾಖಲೆ ಹೇಗಿರಬೇಕು? ನಿಮ್ಮ ಪ್ರಯೋಗಶಾಲೆಯ ರಫ್ ರೆಕಾರ್ಡಿನ ಹಾಗೆ. ವಾರದ ನಂತರ ಮುದ್ದಾಗಿ ಬರೆದ ಫೇರ್ ರೆಕಾರ್ಡಿಗಿಂತ, ಕಂಡಾಗಲೇ ಗೀಚಿದ ಪುಟಕ್ಕೆ ಬೆಲೆ ಹೆಚ್ಚು. ತಪ್ಪಾದರೆ ಅಳಿಸಬಾರದು, ಒಂದು ಗೆರೆ ಎಳೆದು ಪಕ್ಕದಲ್ಲಿ ಸರಿಯಾದುದನ್ನು ಬರೆಯಬೇಕು. ಕಂಡದ್ದು ಬೇರೆ, ಊಹಿಸಿದ್ದು ಬೇರೆ. ‘ಗ್ರಾಹಕರು ಧೈರ್ಯವಂತರು’ ಎಂಬುದು ಊಹೆ. ‘10 ಸಾವಿರ ಹೋದರೂ ತಡೆಯುತ್ತೇವೆ ಎಂದರು’ ಎಂಬುದು ಅವಲೋಕನ.

ಮೇಲಿನ ತಂದೆಯ ಮಾತುಕತೆಯನ್ನು ಸಲಹೆಗಾರರು ಹೀಗೆ ಬರೆದಿಟ್ಟಿದ್ದರೆ ಎಂದುಕೊಳ್ಳಿ:

“ಜೂನ್ 10, ಬೆಳಿಗ್ಗೆ 11. ತಂದೆ ತಾಯಿ ಇಬ್ಬರೂ ಇದ್ದರು. 2 ಲಕ್ಷ, ಮಗಳ ಕಾಲೇಜಿಗೆ, 3 ವರ್ಷಕ್ಕೆ ಬೇಕು. ‘ಅಸಲಿಗೆ ಧಕ್ಕೆ ಬರಬಾರದು’ ಎಂದರು. ಅವಧಿ ಚಿಕ್ಕದು, ಷೇರು ನಿಧಿ ಬೇಡವೆಂದೆ. ಬ್ಯಾಂಕ್ ಠೇವಣಿ ಸೂಚಿಸಿದೆ. ಅರ್ಧ ಹಣವನ್ನು ಷೇರು ನಿಧಿಗೇ ಹಾಕುವುದಾಗಿ ಅವರು ನಿರ್ಧರಿಸಿದರು. ಓದಿ ಹೇಳಿದೆ. ಒಪ್ಪಿ ಸಹಿ ಮಾಡಿ, ಪ್ರತಿ ಒಯ್ದರು.”

ಎಂಟು ಹತ್ತು ಸಾಲು, ಅಷ್ಟೇ. ಇದರಲ್ಲಿ ಗ್ರಾಹಕರ ಅಗತ್ಯ ಅವರದೇ ಮಾತಿನಲ್ಲಿದೆ. ಸಲಹೆಯ ಜತೆ ಕಾರಣವಿದೆ. ಸಲಹೆ ಮೀರಿದ ನಿರ್ಧಾರವೂ ಇದೆ. ಇನ್ನೂ ಒಂದು ಲಾಭವುಂಟು. ‘ಅಸಲಿಗೆ ಧಕ್ಕೆ ಬರಬಾರದು’ ಎಂದು ತನ್ನ ಕೈಯಾರೆ ಬರೆದ ಸಲಹೆಗಾರ ಅದರ ಕೆಳಗೇ ಷೇರು ನಿಧಿ ಒಳ್ಳೆಯದೆಂದು ಬರೆಯಲು ಹಿಂಜರಿಯುತ್ತಾನೆ. ಜಗಳ ಬಂದಾಗ ದಾಖಲೆ ಸಾಕ್ಷಿಯಾಗುವುದು ಆಮೇಲಿನ ಮಾತು. ಬರೆಯುವಾಗಲೇ ಅದು ಸಲಹೆಯನ್ನು ತಿದ್ದುತ್ತದೆ.

ಮನೆಗೆ ಬರುವ ಏಜೆಂಟರೆಲ್ಲ ಸೆಬಿಯಲ್ಲಿ ನೋಂದಾಯಿಸಿದ ಸಲಹೆಗಾರರಲ್ಲ. ಅವರು ಬರೆಯದಿದ್ದರೆ ನಾವು ಬರೆಯಬಹುದಲ್ಲ? ಪಾಲಕರೇ, ಮಾತಿಗೆ ಕೂಡುವಾಗ ಮಕ್ಕಳನ್ನು ‘ಓದಿಕೊ ಹೋಗು’ ಎಂದು ಒಳಗೆ ಕಳಿಸಬೇಡಿ. ವಿದ್ಯಾರ್ಥಿಗಳೇ, ಒಂದು ನೂರು ಪುಟದ ನೋಟುಬುಕ್ ಹಿಡಿದು ಪಕ್ಕದಲ್ಲಿ ಕೂಡಿರಿ. ದಿನಾಂಕ ಹಾಕಿ, ಕೇಳಿದ್ದನ್ನು ಬರೆದು, ಅವರಿಗೇ ಓದಿ ಹೇಳಿ ಸಹಿ ಕೇಳಿರಿ. ಜೀವವಿಮೆಯಾದರೆ ಪಾಲಿಸಿ ಕೈಗೆ ಬಂದ 30 ದಿನಗಳೊಳಗೆ ಹಿಂದಿರುಗಿಸಲು ಅವಕಾಶವಿದೆ. ನಿಮ್ಮ ಪುಟವನ್ನೂ ಪಾಲಿಸಿಯನ್ನೂ ಅಕ್ಕಪಕ್ಕ ಇಟ್ಟು ಓದಲು ಅಷ್ಟು ದಿನ ಸಾಕು. ಹೇಳಿದ ಮಾತಿಗೆ ಸಹಿ ಹಾಕಲು ಯಾರಾದರೂ ಹಿಂದೆ ಸರಿದರೆ, ಅದನ್ನೂ ಬರೆದುಕೊಳ್ಳಿರಿ. ಹಣ ಮಾತ್ರ ಆ ದಿನ ಕೊಡಬೇಡಿರಿ.