ಟನ್ನಿನ ಲೆಕ್ಕಕ್ಕೆ ಸಿಗದ ಅಯಸ್ಕಾಂತ

2025ರ ಏಪ್ರಿಲ್‌ನಲ್ಲಿ ಚೀನಾ ಸಮೇರಿಯಮ್, ಗ್ಯಾಡೊಲಿನಿಯಮ್, ಡಿಸ್ಪ್ರೋಸಿಯಮ್ ಸೇರಿದಂತೆ ಏಳು ವಿರಳ ಭೂಲೋಹಗಳ ರಫ್ತಿಗೆ ಪರವಾನಗಿಯ ಬೇಲಿ ಹಾಕಿತು. ಆಮೇಲೆ ನಮ್ಮಲ್ಲಿ ನಡೆದ ಚರ್ಚೆಯೆಲ್ಲ ಬಹುಪಾಲು ಟನ್ನುಗಳದ್ದು. ಕೇರಳ, ತಮಿಳುನಾಡು, ಒಡಿಶಾದ ಕಡಲತೀರದ ಮರಳಿನಲ್ಲಿ ಮೊನಜೈಟ್ ಎಷ್ಟಿದೆ? ಕಾರಿನ ಮೋಟಾರಿಗೆ ಅಯಸ್ಕಾಂತ ಎಲ್ಲಿಂದ ತರುವುದು? ಬೇಕಾದ ಚರ್ಚೆಯೇ. ಆದರೆ ಇದೇ ಲೋಹಗಳಿಗೆ ಟನ್ನಿನ ಮಾತೇ ಬಾರದ ಇನ್ನೊಂದು ಬಳಕೆಯಿದೆ: ಚಿಪ್ಪಿನೊಳಗೇ ಕೂರುವ ಪುಟ್ಟ ಮೋಟಾರು, ಸೆನ್ಸರ್‌ಗಳಿಗಾಗಿ ಸಿಲಿಕಾನ್ ಮೇಲೆ ಬೆಳೆಸುವ ತೆಳುಪದರ.

ಲೆಕ್ಕ ಹಾಕಿ ನೋಡಿ. ಒಂದು ಚದರ ಸೆಂಟಿಮೀಟರ್ ಸಿಲಿಕಾನ್ ಮೇಲೆ 100 ನ್ಯಾನೋಮೀಟರ್ ದಪ್ಪದ ಗ್ಯಾಡೊಲಿನಿಯಮ್ ಪದರವೆಂದರೆ ಒಂದು ಮಿಲಿಗ್ರಾಮಿನ ಹತ್ತನೇ ಒಂದು ಭಾಗಕ್ಕಿಂತಲೂ ಕಡಿಮೆ ಲೋಹ. ಪದರ ಕೂರಿಸುವಾಗ ಅದರ ಹಲವು ಪಟ್ಟು ಪೋಲಾದರೂ ಗಣಿಗಾಗಿ ಕಾಯಬೇಕಿಲ್ಲ.

ಕಷ್ಟ ಇರುವುದು ಬೇರೆ ಕಡೆ. ಗ್ಯಾಡೊಲಿನಿಯಮ್ ಸುಮಾರು 20 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ಕಬ್ಬಿಣದಂತೆ ಕಾಂತಗುಣ ತಳೆಯುತ್ತದೆ. ಪದರ ಕೆಲವೇ ಪರಮಾಣುಗಳ ದಪ್ಪಕ್ಕೆ ಇಳಿದರೆ ಆ ಮಿತಿಯೂ ಇಳಿಯುತ್ತದೆ. ಸಿಲಿಕಾನ್ ಮೇಲೆ ನೇರವಾಗಿ ಕೂರಿಸಿ ಕೆಲವು ನೂರು ಡಿಗ್ರಿಗೆ ಕಾಯಿಸಿದರೆ ಎರಡೂ ಬೆರೆತು ಸಿಲಿಸೈಡ್ ಆಗುತ್ತವೆ. ಲೋಹದ ಕಾಂತಗುಣ ಅಲ್ಲಿಗೆ ಮುಗಿಯಿತು. ಮೇಲ್ಮೈಯನ್ನು ಗಾಳಿಗೆ ಬಿಟ್ಟರೆ ಆಮ್ಲಜನಕ ತಿನ್ನುತ್ತದೆ.

ದಾರಿ ಇಲ್ಲವೆಂದಲ್ಲ. 2007ರಲ್ಲಿ ಫ್ರಾನ್ಸಿನ ಗ್ರೆನೋಬಲ್‌ನ ಸಂಶೋಧಕರು ನಿಯೋಡಿಮಿಯಮ್-ಕಬ್ಬಿಣ-ಬೋರಾನ್ ಪದರವನ್ನು ಎರಡು ಟ್ಯಾಂಟಲಮ್ ಪದರಗಳ ನಡುವೆ ಇಟ್ಟು, ಸಿಲಿಕಾನ್ ಮೇಲೆಯೇ ಬಲವಾದ ಅಯಸ್ಕಾಂತ ಮಾಡಿ ತೋರಿಸಿದರು. ಆದರೆ ಕಾವಲು ಪದರ ಎಷ್ಟು ದಪ್ಪವಿರಬೇಕು, ಕಾವು ಎಷ್ಟು, ತಣಿಯುವಾಗ ಲೋಹವೂ ಸಿಲಿಕಾನೂ ಒಂದೇ ಪ್ರಮಾಣದಲ್ಲಿ ಕುಗ್ಗದೆ ಪದರ ಬಿರಿದರೆ ಏನು ಮಾಡಬೇಕು? ಪ್ರಬಂಧ ಓದಿದ ಮಾತ್ರಕ್ಕೆ ಇದು ಕೈಗೆ ಬರುವುದಿಲ್ಲ. ನಿರ್ವಾತ ಕೋಣೆಯ ಮುಂದೆ ವರ್ಷಗಟ್ಟಲೆ ಕೂತವರಿಗೆ ಬರುತ್ತದೆ.

ಕಳೆದ ನವೆಂಬರ್‌ 2025ರಲ್ಲಿ ಕೇಂದ್ರ ಸಂಪುಟ ವರ್ಷಕ್ಕೆ 6,000 ಟನ್ ಅಯಸ್ಕಾಂತ ತಯಾರಿಸುವ ಸಾಮರ್ಥ್ಯಕ್ಕಾಗಿ 7,280 ಕೋಟಿ ರೂಪಾಯಿಯ ಯೋಜನೆಗೆ ಒಪ್ಪಿಗೆ ಕೊಟ್ಟಿತು. ಸರಿಯಾದ ಹೆಜ್ಜೆ. ಮೊದಲು ಮೋಟಾರಿನ ಅಯಸ್ಕಾಂತ ಬರಲಿ, ಪದರದ ಮಾತು ಆಮೇಲೆ ಎನ್ನುವವರಿದ್ದಾರೆ. ಅವರ ಅವಸರ ಅರ್ಥವಾಗುವಂಥದ್ದೇ. ಆದರೆ ಕಾರ್ಖಾನೆಯನ್ನು ಮೂರು ನಾಲ್ಕು ವರ್ಷಗಳಲ್ಲಿ ಕಟ್ಟಬಹುದು, ಪಳಗಿದ ಕೈಗಳನ್ನು ಹಾಗೆ ಕಟ್ಟಲಾಗದು. ಧೋಲೇರಾದಲ್ಲಿ ಚಿಪ್ ಕಾರ್ಖಾನೆ ಏಳುತ್ತಿರುವ ಈ ಹೊತ್ತಿನಲ್ಲೇ ಆ ಕೆಲಸವೂ ಶುರುವಾಗಬೇಕು.

ನಾನು ಕೇಳುವುದು ಎರಡೇ. ಆ ಮೊತ್ತಕ್ಕೆ ಹೋಲಿಸಿದರೆ ಚಿಲ್ಲರೆ ಎನಿಸುವಷ್ಟು ಹಣ ಇಂಥ ಪ್ರಯೋಗಾಲಯಗಳಿಗೆ ಹತ್ತು ವರ್ಷ ತಪ್ಪದೆ ಸಿಗಲಿ. ಜೊತೆಗೆ, ಕಾಂತತೆ ಕಳೆದುಕೊಂಡ ಪದರದ ದಾಖಲೆಯನ್ನೂ ಫಲಿತಾಂಶವೆಂದೇ ಎಣಿಸಲಿ. ಕಾಂತತೆ ಯಾವ ಕಾವಿನಲ್ಲಿ, ಯಾವ ದಪ್ಪದಲ್ಲಿ ಸತ್ತಿತು ಎಂದು ಬರೆದಿಟ್ಟವರು ಮುಂದೆ ಬರುವವರ ಎರಡು ವರ್ಷ ಉಳಿಸಿರುತ್ತಾರೆ. ಮರಳು ನಮ್ಮದೇ ಎಂಬ ಸಮಾಧಾನ ಸಾಲದು. ಅದರಿಂದ ತೆಗೆದ ಲೋಹವನ್ನು ಸಿಲಿಕಾನ್ ಮೇಲೆ ಕಾಂತತೆ ಕೆಡದಂತೆ ಕೂರಿಸುವ ವಿದ್ಯೆಯೂ ನಮ್ಮದಾಗಬೇಕು.